ಪಕ್ಕದವನ ಸ್ಲೇಟು

ರಾಜ್‌ಕೋಟ್‌ನ ಆಲ್ಫ್ರೆಡ್ ಹೈಸ್ಕೂಲು 1853ರಲ್ಲಿ ಶುರುವಾದದ್ದು. ಅಲ್ಲಿ ಓದಿ 1887ರಲ್ಲಿ ಮೆಟ್ರಿಕ್ ಪಾಸಾದ ಮೋಹನದಾಸ ಗಾಂಧಿಯ ಹೆಸರನ್ನೇ ಆಮೇಲೆ ಶಾಲೆಗೂ ಇಟ್ಟರು. ಹಾಗಾದರೆ ಗಾಂಧಿಯನ್ನು ರೂಪಿಸಿದ್ದು ಆ ಶಾಲೆಯೇ? ನನಗೆ ಅನುಮಾನ. ಇನ್‌ಸ್ಪೆಕ್ಟರ್ ತಪಾಸಣೆಗೆ ಬಂದ ದಿನ ಹುಡುಗ 'ಕೆಟಲ್' ಪದದ ಸ್ಪೆಲಿಂಗ್ ತಪ್ಪು ಬರೆದ. ಪಕ್ಕದವನ ಸ್ಲೇಟು ನೋಡಿಕೊಳ್ಳಲಿ ಎಂದು ಮೇಷ್ಟರು ಬೂಟಿನ ತುದಿಯಿಂದ ತಿವಿದರು. ಅವನಿಗೆ ಆ ಸನ್ನೆ ಅರ್ಥವೇ ಆಗಲಿಲ್ಲ. ಉಳಿದ ಹುಡುಗರೆಲ್ಲ ಸರಿಯಾಗಿ ಬರೆದಿದ್ದರು. ಶಾಲೆ ಅಂದು ಕಲಿಸಹೊರಟದ್ದನ್ನು ಕಲಿಯದೆ ಹೋದದ್ದೇ ಅವನ ಹಿರಿಮೆ. ಮೇಷ್ಟರನ್ನು ದೂರಲಾರೆ, ಶಾಲೆಯ ಮಾನ ಉಳಿಸುವ ಆತುರ ಅವರದು. ಹೆಸರಾಂತ ಹಳೆಯ ವಿದ್ಯಾರ್ಥಿಗಳ ಪಟ್ಟಿಗಳಲ್ಲೂ ನನಗೆ ಕಾಣುವುದು ಅದೇ ಆತುರ. 2017ರಲ್ಲಿ ಶಾಲೆ ಮುಚ್ಚಿ, ಆ ಕಟ್ಟಡವನ್ನು ಗಾಂಧಿ ಮ್ಯೂಸಿಯಂ ಮಾಡಿದರು. ತಪ್ಪು ಸ್ಪೆಲಿಂಗ್ ಬರೆಯುವ ಹುಡುಗರು ಈಗ ಅಲ್ಲಿಲ್ಲ.