ಅಡ್ಮಿನ್ ಮತ್ತು ಜೈಮಿನಿ

2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ಕಂಪನಿಗಳು ಕಚೇರಿಗೆ ಬೀಗ ಹಾಕಿದಾಗ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಸಮೇತ ಊರಿಗೆ ಬಂದರು. ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ ಕಥೆ ಮಲೆನಾಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಟೀಮು ಚದುರಿ, ಕೆಲಸವೆಲ್ಲ ಟ್ರೆಲ್ಲೊ, ಆಸನ, ಜೀರಾದಂಥ ತಂತ್ರಾಂಶಗಳ ವರ್ಕ್‌ಸ್ಪೇಸಿಗೆ ಹೋಯಿತು. ಅಲ್ಲಿ ಅಡ್ಮಿನ್ ಆದವರು ಜನರನ್ನು ಸೇರಿಸಬಹುದು, ತೆಗೆಯಬಹುದು. ಸದಸ್ಯರು ಕಾರ್ಡುಗಳನ್ನು ತಿದ್ದಬಹುದು. ಗೆಸ್ಟ್ ಆಗಿ ಬಂದವರಿಗೆ ಕರೆದ ಬೋರ್ಡು ಬಿಟ್ಟು ಬೇರೇನೂ ಕಾಣದು.

ಯಾರನ್ನು ಎಲ್ಲಿಯವರೆಗೆ ಬಿಡಬೇಕು? ಈ ಪ್ರಶ್ನೆಯನ್ನು ಶಂಕರಾಚಾರ್ಯರ ಪರಂಪರೆಯ ಪೀಠವಿರುವ ಶೃಂಗೇರಿಯಷ್ಟು ಕಾಲ ಚರ್ಚಿಸಿದ ಊರುಗಳು ಕಡಿಮೆ.

ಯಜ್ಞದಂಥ ಕರ್ಮಕ್ಕೆ ಯಾರು ಅರ್ಹರು, ಅಂದರೆ ಯಾರಿಗೆ ‘ಅಧಿಕಾರ’ವಿದೆ ಎಂದು ವಿಚಾರಿಸಲು ಜೈಮಿನಿ ತನ್ನ ಮೀಮಾಂಸಾ ಸೂತ್ರಗಳ ಆರನೆಯ ಅಧ್ಯಾಯವನ್ನು ಇಟ್ಟುಕೊಂಡ. ಫಲದ ಆಸೆ ಇರಬೇಕು, ಮಾಡುವ ಸಾಮರ್ಥ್ಯ ಇರಬೇಕು, ಮಾಡುವ ಕ್ರಮ ತಿಳಿದಿರಬೇಕು ಎಂಬುದು ಮೀಮಾಂಸಕರ ಲೆಕ್ಕ. ಯಾವ ಪ್ರಾಜೆಕ್ಟ್ ಮ್ಯಾನೇಜರನೂ ಇದಕ್ಕೆ ತಕರಾರು ತೆಗೆಯಲಾರ. ಆ ಶಾಸ್ತ್ರವನ್ನು ಅಡಕವಾಗಿ ಹೇಳುವ ‘ಜೈಮಿನೀಯ ನ್ಯಾಯಮಾಲಾ’ವನ್ನು ಬರೆದ ಮಾಧವಾಚಾರ್ಯರೇ ಶೃಂಗೇರಿಯ ವಿದ್ಯಾರಣ್ಯರು ಎನ್ನುತ್ತದೆ ಪರಂಪರೆ.

ಅದೇ ಅಧ್ಯಾಯದಲ್ಲಿ ಬಾದರಿ ಎಂಬ ಆಚಾರ್ಯನ ಮತವೊಂದು ಬರುತ್ತದೆ: ಯಜ್ಞ ಎಲ್ಲರದು, ಶೂದ್ರನದೂ ಹೌದು. ಜೈಮಿನಿ ಒಪ್ಪುವುದಿಲ್ಲ. ಶೂದ್ರನಿಗೆ ಉಪನಯನವಿಲ್ಲ, ಉಪನಯನವಿಲ್ಲದೆ ವೇದಾಧ್ಯಯನವಿಲ್ಲ, ಅಧ್ಯಯನವಿಲ್ಲದೆ ತಿಳಿವಳಿಕೆಯಿಲ್ಲ, ಆದಕಾರಣ ಅಧಿಕಾರವೂ ಇಲ್ಲ. ತರ್ಕದಲ್ಲಿ ಒಂದು ಕೊಂಡಿಯೂ ಸಡಿಲವಿಲ್ಲ, ಮೊದಲ ಕೊಂಡಿಯನ್ನು ಕೂಡಿಸಿದವರು ಯಾರೆಂದು ಕೇಳದಿದ್ದರೆ. ಟ್ರೇನಿಂಗ್ ಫೋಲ್ಡರ್ ತೆರೆಯಲು ಬಿಡದ ಅಡ್ಮಿನ್, ಟ್ರೇನಿಂಗ್ ಆಗಿಲ್ಲವೆಂಬ ಕಾರಣಕ್ಕೇ ಕೆಲಸ ಕೊಡದಿದ್ದರೆ ಟೀಮಿನವರು ಸುಮ್ಮನಿರುತ್ತಾರೆಯೇ?

ಶಂಕರಾಚಾರ್ಯರ ಬ್ರಹ್ಮಸೂತ್ರ ಭಾಷ್ಯದಲ್ಲಿ ಬಾಗಿಲುಗಳು ಎರಡು. ಮೊದಲ ಸೂತ್ರದಲ್ಲೇ ಬರುವುದು ಗುಣದ ಬಾಗಿಲು: ನಿತ್ಯಾನಿತ್ಯಗಳ ವಿವೇಕ, ವೈರಾಗ್ಯ, ಶಮದಮಾದಿಗಳು, ಮುಮುಕ್ಷುತ್ವ. ಈ ನಾಲ್ಕಿದ್ದವನು ಬ್ರಹ್ಮವಿಚಾರಕ್ಕೆ ಬರಬಹುದು. ಆದರೆ ಮೊದಲ ಅಧ್ಯಾಯದ ಮೂರನೆಯ ಪಾದಕ್ಕೆ ಬರುವಾಗ, ಶೂದ್ರನಿಗೆ ವೇದವಿದ್ಯೆಯ ಅಧಿಕಾರವಿಲ್ಲವೆನ್ನುವ ಅಪಶೂದ್ರಾಧಿಕರಣ ಎದುರಾಗುತ್ತದೆ; ಅದು ಜನ್ಮದ ಬಾಗಿಲು. ವಿದುರ, ಧರ್ಮವ್ಯಾಧ ಇವರು ಜ್ಞಾನಿಗಳಾದದ್ದನ್ನು ಭಾಷ್ಯ ಅಲ್ಲಗಳೆಯುವುದಿಲ್ಲ. ಅದು ಹಿಂದಿನ ಜನ್ಮದ ಸಂಸ್ಕಾರದ ಫಲ ಎನ್ನುತ್ತದೆ. ಇತಿಹಾಸ ಪುರಾಣಗಳ ಮೂಲಕ ಜ್ಞಾನ ಪಡೆಯಲು ನಾಲ್ಕೂ ವರ್ಣಗಳಿಗೆ ದಾರಿ ಬಿಡುತ್ತದೆ. ಮೊದಲ ಬಾಗಿಲನ್ನು ದಾಟಿದವನನ್ನು ಎರಡನೆಯದು ತಡೆಯುತ್ತದೆಂದರೆ ಎರಡನೆಯ ಬಾಗಿಲು ಅಳೆಯುತ್ತಿರುವುದು ಬೇರೆ ಏನನ್ನೋ.

ಛಾಂದೋಗ್ಯದ ಸತ್ಯಕಾಮನ ಕಥೆ ಇಲ್ಲಿ ನೆನಪಾಗಲೇಬೇಕು. ಗೋತ್ರ ಯಾವುದೆಂದು ಗುರು ಗೌತಮ ಕೇಳಿದಾಗ, ತಾಯಿಗೇ ತಿಳಿಯದು ಎಂದು ಹುಡುಗ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಗುರು ಸೇರಿಸಿಕೊಂಡ. ಆಧುನಿಕರಿಗೆ ಇದು ಸತ್ಯಕ್ಕೆ ಸಿಕ್ಕ ಪ್ರವೇಶ. ಆದರೆ ಗೌತಮ ಆ ಸತ್ಯವನ್ನೇ ಬ್ರಾಹ್ಮಣ್ಯದ ಗುರುತೆಂದು ಓದಿದ. ಬ್ರಹ್ಮಸೂತ್ರದ ಭಾಷ್ಯಕ್ಕೂ ಈ ಕಥೆ ಬೇಕಾದದ್ದು, ಶೂದ್ರನಲ್ಲವೆಂದು ಖಚಿತವಾದ ಮೇಲೆಯೇ ಗುರು ಉಪನಯನ ಮಾಡಿದ ಎಂದು ತೋರಿಸುವುದಕ್ಕೆ.

ಗಣಕದವರೂ ಇದೇ ಪ್ರಶ್ನೆಗೆ ತಲೆ ಕೆಡಿಸಿಕೊಂಡಿದ್ದಾರೆ. 1975ರಲ್ಲಿ ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ಅಮೆರಿಕನ್ ವಿಜ್ಞಾನಿಗಳು, ಕೆಲಸಕ್ಕೆ ಬೇಕಾದಷ್ಟೇ ಅನುಮತಿ ಕೊಡಿ, ಹೆಚ್ಚು ಬೇಡ ಎಂಬ ನಿಯಮವನ್ನು ಬರೆದಿಟ್ಟರು. 1992ರಲ್ಲಿ ಫೆರಾಯೊಲೊ ಮತ್ತು ಕುನ್ ಅನುಮತಿಯನ್ನು ವ್ಯಕ್ತಿಗೆ ಅಂಟಿಸದೆ ಪಾತ್ರಕ್ಕೆ ಅಂಟಿಸುವ ಮಾದರಿಯನ್ನು ಮುಂದಿಟ್ಟರು. ಇವತ್ತಿನ ವರ್ಕ್‌ಸ್ಪೇಸುಗಳು ನಿಂತಿರುವುದು ಇದರ ಮೇಲೆ. ಇಂದಿನ ಗೆಸ್ಟ್ ನಾಳೆ ಸದಸ್ಯನಾದಾನು, ನಾಡಿದ್ದು ಅಡ್ಮಿನ್. ಕೆಲಸ ಬಿಟ್ಟ ದಿನ ಎಲ್ಲವೂ ಹೋಗುತ್ತದೆ. ವರ್ಣವ್ಯವಸ್ಥೆಗೂ ಪಾತ್ರಗಳಿದ್ದವು. ಅವನ್ನು ಬದಲಿಸುವ ಬಟನ್ ಮಾತ್ರ ಇರಲಿಲ್ಲ.

ಹಾಗೆಂದು ಬಾಗಿಲೇ ಬೇಡ ಎನ್ನುವುದು ಎಳಸು ಮಾತು. ವರ್ಕ್‌ಸ್ಪೇಸಿನ ಏಕೈಕ ಅಡ್ಮಿನ್ ಬೇರೆಯವರಿಗೆ ವಹಿಸದೆ ಕಂಪನಿ ಬಿಟ್ಟರೆ ಉಳಿದವರ ಪಾಡು ಏನೆಂದು ಅನುಭವಿಸಿದವರೇ ಬಲ್ಲರು. ಈ ವಿಷಯದಲ್ಲಿ ಶೃಂಗೇರಿ ಪೀಠದ ಪದ್ಧತಿ ಗಟ್ಟಿ. ಗುರುವಿರುವಾಗಲೇ ಉತ್ತರಾಧಿಕಾರಿಗೆ ಸಂನ್ಯಾಸ ಕೊಟ್ಟು ಜೊತೆಯಲ್ಲಿಟ್ಟು ಬೆಳೆಸುತ್ತಾರೆ. ಭಾರತೀತೀರ್ಥರಿಗೆ 1974ರಲ್ಲಿ ಸಂನ್ಯಾಸವಾಯಿತು, ಪೀಠ ಬಂದದ್ದು 1989ರಲ್ಲಿ. ಅವರು 2015ರ ಜನವರಿಯಲ್ಲಿ ವಿಧುಶೇಖರ ಭಾರತಿಯವರಿಗೆ ಸಂನ್ಯಾಸ ನೀಡಿದರು.

ನರಸಿಂಹರಾಜಪುರದ ಸಿಂಹನಗದ್ದೆ ಬಸದಿಗೆ ಹೋದರೆ ಪ್ರವೇಶದ ಮತ್ತೊಂದು ನಕ್ಷೆ ಸಿಗುತ್ತದೆ. ಅಲ್ಲಿ ಪೂಜೆಗೊಳ್ಳುವ ಜ್ವಾಲಾಮಾಲಿನಿ ಎಂಟನೆಯ ತೀರ್ಥಂಕರ ಚಂದ್ರಪ್ರಭನ ಯಕ್ಷಿ. ತೀರ್ಥಂಕರನ ಉಪದೇಶ ನಡೆಯುವ ಸಮವಸರಣವನ್ನು ಜೈನ ಗ್ರಂಥಗಳು ಬಣ್ಣಿಸುವಾಗ ಹನ್ನೆರಡು ಕೋಷ್ಠಗಳನ್ನು ಹೇಳುತ್ತವೆ: ಮುನಿಗಳಿಗೆ, ಆರ್ಯಿಕೆಯರಿಗೆ, ದೇವತೆಗಳಿಗೆ, ಮನುಷ್ಯರಿಗೆ, ಕೊನೆಗೆ ಪ್ರಾಣಿಗಳಿಗೂ. ಕೂರುವ ಜಾಗ ಬೇರೆಬೇರೆ, ಕೇಳುವ ಮಾತು ಒಂದೇ. ಕೇಳಿದವರೆಲ್ಲರಿಗೂ ಆ ಜನ್ಮದಲ್ಲೇ ಕೊನೆಯ ಮೆಟ್ಟಿಲು ತೆರೆಯಿತೆಂದಲ್ಲ. ಸ್ತ್ರೀಗೆ ಸ್ತ್ರೀದೇಹದಲ್ಲೇ ಮೋಕ್ಷವುಂಟೇ ಎಂಬ ವಿಷಯದಲ್ಲಿ ಇಲ್ಲವೆಂಬ ದಿಗಂಬರರೂ ಉಂಟೆಂಬ ಶ್ವೇತಾಂಬರರೂ ಶತಮಾನಗಳ ಕಾಲ ವಾದಿಸಿದ್ದಾರೆ. ಆದರೂ ನೋಡುವ, ಕೇಳುವ ಅನುಮತಿಯನ್ನು ಪಶುಪಕ್ಷಿಗೂ ಕೊಟ್ಟ ಕಲ್ಪನೆ ಸಣ್ಣದಲ್ಲ.

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರ ಡಿಸೆಂಬರ್ 29ರಂದು ಹುಟ್ಟಿದ ಕುವೆಂಪು ಯಾರನ್ನು ಎಲ್ಲಿಯವರೆಗೆ ಬಿಡಬೇಕೆಂಬ ಪ್ರಶ್ನೆಯನ್ನು ‘ಶೂದ್ರ ತಪಸ್ವಿ’ ನಾಟಕದಲ್ಲಿ ನೇರವಾಗಿ ಎತ್ತಿಕೊಂಡರು. ರಾಮಾಯಣದ ಉತ್ತರಕಾಂಡದಲ್ಲಿ ತಪಸ್ಸು ಮಾಡಿದ್ದೇ ತಪ್ಪಾಗಿ ಶಂಬೂಕ ತಲೆ ಕಳೆದುಕೊಳ್ಳುತ್ತಾನೆ. ಬಾಗಿಲು ತಟ್ಟಲೂ ಅವನಿಗೆ ಅವಕಾಶವಿರಲಿಲ್ಲ. ಕುವೆಂಪು ನಾಟಕದಲ್ಲಿ ರಾಮ ಬಿಟ್ಟ ಅಸ್ತ್ರ ತಪಸ್ವಿಯನ್ನು ಬಿಟ್ಟು, ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಬರುತ್ತದೆ. ಕೊನೆಗೆ ಅವನು ಶಂಬೂಕನಿಗೆ ತಲೆಬಾಗಬೇಕಾಗುತ್ತದೆ. ಹಳೆಯ ಕಥೆಯನ್ನು ಹೀಗೆ ತಿದ್ದುವುದಕ್ಕೆ ಹಿರಿಯ ಸಾಹಿತಿ ಮಾಸ್ತಿ ಆಕ್ಷೇಪಿಸಿದರು. ಆ ಆಕ್ಷೇಪವನ್ನು ತಳ್ಳಿಹಾಕಲಾಗದು. ಪುರಾಣವನ್ನು ಕಂಡಕಂಡವರು ತಿದ್ದತೊಡಗಿದರೆ ಅದರ ಗತಿಯೇನು ಎಂಬ ಚಿಂತೆ ನ್ಯಾಯವಾದದ್ದೇ. ಆದರೆ ತಿದ್ದುವ ಅನುಮತಿ ಶಂಬೂಕನ ಕಡೆಯವರಿಗೆ ಎಂದೂ ಸಿಕ್ಕಿರಲಿಲ್ಲ, ಕೇಳಿದ್ದರೂ ಸಿಗುತ್ತಿರಲಿಲ್ಲ. ಕುವೆಂಪು ಕೇಳದೆ ತಿದ್ದಿದರು, ಮತ್ತು ಅದು ಸರಿಯಾಗಿತ್ತು.