ಕಲ್ಲಿಗೊಂದು ವಿಳಾಸ

ಬಿ. ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳು ಏಳನೆಯ ಸಂಪುಟದಲ್ಲಿವೆ, ಸೊರಬದವು ಎಂಟನೆಯದರಲ್ಲಿ. ಏಳನೆಯದು ಅಚ್ಚಾದದ್ದು 1902ರಲ್ಲಿ, ಎಂಟನೆಯದು 1904ರಲ್ಲಿ. ತೊಗರ್ಸಿಯಲ್ಲಿ ಕೂತು ಅನುವಾದ, ಲೇಖನ, ಕರಡು ತಿದ್ದುವ ಕೆಲಸ ಮಾಡಿಕೊಂಡಿರುವ ನನಗೆ ಈ ಎರಡು ಸಂಪುಟಗಳು ಇತಿಹಾಸ ಹೇಳಿಕೊಟ್ಟದ್ದಕ್ಕಿಂತ ಹೆಚ್ಚಾಗಿ ಕೆಲಸ ಮಾಡುವ ರೀತಿಯನ್ನು ಹೇಳಿಕೊಟ್ಟಿವೆ.

ಸ್ವತಂತ್ರವಾಗಿ ಬರೆದು ಬದುಕುವವರಿಗೆ ಮೇಲಧಿಕಾರಿ ಇರುವುದಿಲ್ಲ, ಹಾಜರಿ ಪುಸ್ತಕ ಇರುವುದಿಲ್ಲ. ಕಡತ ಹುಡುಕಿಕೊಡುವ ಗುಮಾಸ್ತರೂ ಇರುವುದಿಲ್ಲ. ಮಾಹಿತಿ ಮಾತ್ರ ಎಲ್ಲ ಕಡೆಯಿಂದ ಬರುತ್ತಲೇ ಇರುತ್ತದೆ. ವಾಟ್ಸಾಪ್‌ನಲ್ಲಿ ಒಂದು ಫೋಟೊ, ಒಂದು ಪಿಡಿಎಫ್, ಫೋನಿನಲ್ಲಿ ಹಿರಿಯರೊಬ್ಬರು ಹೇಳಿದ ಮಾತು, ಪತ್ರಿಕೆಯಿಂದ ಕತ್ತರಿಸಿಟ್ಟ ಚೂರು. ಇದನ್ನೆಲ್ಲ ವಿಷಯವಾರು ವಿಂಗಡಿಸಿಡಬೇಕು ಎಂದೇ ಯಾರಿಗಾದರೂ ಮೊದಲು ಹೊಳೆಯುವುದು. ಇತಿಹಾಸ ಒಂದು ಕಡೆ, ಕೃಷಿ ಒಂದು ಕಡೆ, ಆರೋಗ್ಯ ಇನ್ನೊಂದು ಕಡೆ.

ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನವನ್ನು ಆ ಲೆಕ್ಕದಲ್ಲಿ ಎಲ್ಲಿಡುವುದು? ಬಳ್ಳಿಗಾವಿ ನಮಗೆ ದೂರದ ಊರಲ್ಲ, ಶಿರಾಳಕೊಪ್ಪದ ಮಗ್ಗುಲಲ್ಲೇ ಇದೆ. ಆ ಮಠದಲ್ಲಿ ನಾಲ್ಕು ವೇದಗಳನ್ನು ಓದಿಸುತ್ತಿದ್ದರು. ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳಿಗೆ ವ್ಯಾಖ್ಯಾನ ನಡೆಯುತ್ತಿತ್ತು. ಷಡ್ದರ್ಶನ, ಲಾಕುಳ ಸಿದ್ಧಾಂತ, ಹದಿನೆಂಟು ಪುರಾಣ, ಕಾವ್ಯ, ನಾಟಕ ಎಲ್ಲವೂ ಇದ್ದವು. ಅದೇ ಶಾಸನ ದೀನರಿಗೆ, ಕುಂಟರಿಗೆ, ಕುರುಡರಿಗೆ ಅನ್ನ ನೀಡುವುದನ್ನೂ ರೋಗಿಗಳ ಚಿಕಿತ್ಸೆಯನ್ನೂ ಹೇಳುತ್ತದೆ. ಇದು ಶಿಕ್ಷಣವೇ, ಧರ್ಮವೇ, ವೈದ್ಯವೇ, ದಾಸೋಹವೇ? ಯಾವ ಒಂದು ಹೆಸರಿನಡಿ ಇಟ್ಟರೂ ಉಳಿದದ್ದು ಮರೆಯಾಗುತ್ತದೆ.

ರೈಸ್ ಈ ಗೊಂದಲಕ್ಕೆ ಕೈ ಹಾಕಲೇ ಇಲ್ಲ. ಅವರ ಪುಸ್ತಕದಲ್ಲಿ ಅದು ಶಿಕಾರಿಪುರ 102, ಅಷ್ಟೆ. ತಾಲ್ಲೂಕು, ಕಲ್ಲು ಸಿಕ್ಕಿದ ಊರು, ಒಂದು ಸಂಖ್ಯೆ. ಅರಸ ಯಾರೆಂಬುದನ್ನು ಮುಂದಿನ ವಿದ್ವಾಂಸರು ತಿದ್ದಬಹುದು, ಕಾಲವನ್ನು ಹಿಂದುಮುಂದು ಮಾಡಬಹುದು, ಓದಿನಲ್ಲಿ ತಪ್ಪು ಹುಡುಕಬಹುದು. ಸಿಕ್ಕಿದ ಊರು ಬದಲಾಗುವುದಿಲ್ಲ. ಹನ್ನೆರಡು ಸಂಪುಟಗಳ 9,000ದಷ್ಟು ಶಾಸನಗಳು ಇಂದಿಗೂ ಕೈಗೆ ಸಿಗುವುದು ಈ ಸರಳ ವಿಳಾಸದಿಂದ. ವಂಶವಾರು, ಕಾಲಾನುಕ್ರಮದ ಪಟ್ಟಿಯನ್ನು ಅವರು ಬೇರೆಯಾಗಿ ಮಾಡಿಕೊಟ್ಟರು. ಕದಂಬ, ಚಾಲುಕ್ಯ, ಕಳಚುರಿ ಎಂದು ಕಥೆಯನ್ನು ಪೀಠಿಕೆಯಲ್ಲಿ ಹೆಣೆದರು. ಇಡುವ ಕ್ರಮ ಒಂದು, ಯೋಚಿಸುವ ಕ್ರಮ ಇನ್ನೊಂದು. ಒಂದನ್ನು ಇನ್ನೊಂದರ ಮೇಲೆ ಹೇರಲಿಲ್ಲ.

ನನ್ನ ಟಿಪ್ಪಣಿಗಳೂ ಈಗ ಹಾಗೆಯೇ ಇವೆ. ತಲೆಯ ಮೇಲೆ ತಾರೀಖು, ಯಾರಿಂದ ಅಥವಾ ಎಲ್ಲಿಂದ ಬಂತು ಎಂಬುದು, ಒಂದು ಕ್ರಮಸಂಖ್ಯೆ. ವಿಷಯದ ಹೆಸರು ಬರೆಯುವುದಿಲ್ಲ. ಹಿರಿಯರು ಕೆರೆಯ ಬಗ್ಗೆ ಹೇಳಿದ ಮಾತು ಮುಂದೆ ಜಾತ್ರೆಯ ಲೇಖನಕ್ಕೆ ಬೇಕಾದೀತು. ಅದು ಇಂಥದ್ದಕ್ಕೇ ಎಂದು ಬಂದ ದಿನವೇ ತೀರ್ಮಾನಿಸುವ ಅಧಿಕಾರ ನನಗಿಲ್ಲ ಅನಿಸುತ್ತದೆ. ಲೇಖನ ಬರೆಯಲು ಕೂತಾಗ ಮಾತ್ರ ಪ್ರಶ್ನೆಯೊಂದನ್ನು ಹಾಳೆಯ ಮೇಲೆ ಬರೆದು, ಅದಕ್ಕೆ ಬೇಕಾದ ಸಂಖ್ಯೆಗಳನ್ನು ಕೆಳಗೆ ಪಟ್ಟಿ ಮಾಡುತ್ತೇನೆ. ವಿಂಗಡಿಸುವುದರಲ್ಲೇ ಸವೆಯುತ್ತಿದ್ದ ಹೊತ್ತು ಓದುವುದಕ್ಕೆ ಸಿಗುತ್ತದೆ. ಕರೆಂಟು ಹೋದ ಮಳೆಗಾಲದ ಮಧ್ಯಾಹ್ನ ನೋಟ್‌ಬುಕ್ಕಿನಲ್ಲೂ ಇದು ನಡೆಯುತ್ತದೆ. ಯಾವ ಆ್ಯಪ್ ಅನ್ನೂ ಕಾಯಬೇಕಿಲ್ಲ.

ಊರುವಾರು ಕ್ರಮಕ್ಕೂ ಒಂದು ಬೆಲೆ ತೆರಬೇಕಾಗುತ್ತದೆ. ಹಿಂದೆ ಬನವಾಸಿ ಹನ್ನೆರಡು ಸಾವಿರ ಎಂಬ ನಾಡಿಗೆ ಬಳ್ಳಿಗಾವಿ ರಾಜಧಾನಿಯಾಗಿತ್ತು. ಆದರೆ ರೈಸ್ ಕೆಲಸ ಮಾಡುತ್ತಿದ್ದ ಕಾಲಕ್ಕೆ ಬನವಾಸಿಯೇ ಮುಂಬಯಿ ಪ್ರಾಂತ್ಯದಲ್ಲಿತ್ತು, ನಮ್ಮ ನೆರೆಯ ಹಿರೇಕೆರೂರು, ಹಾನಗಲ್ಲುಗಳೂ ಅಲ್ಲೇ ಇದ್ದವು. ಮೈಸೂರು ಸಂಸ್ಥಾನದ ಸಂಪುಟಗಳಲ್ಲಿ ಅವುಗಳಿಗೆ ಜಾಗವಿರಲಿಲ್ಲ. ಒಂದು ನಾಡಾಗಿ ಬದುಕಿದ ನೆಲ ಬೇರೆ ಬೇರೆ ಗ್ರಂಥಮಾಲೆಗಳಿಗೆ ಹಂಚಿಹೋಯಿತು. ಅದನ್ನು ಮತ್ತೆ ಕೂಡಿಸುವುದು ಸೂಚಿಯಿಂದ ಆಗುವ ಕೆಲಸವಲ್ಲ. ಒಬ್ಬರು ಕೂತು ಓದಿ, ಇದಕ್ಕೂ ಅದಕ್ಕೂ ಸಂಬಂಧವಿದೆ ಎಂದು ಗುರುತಿಸಬೇಕು. ಆ ಗುರುತಿಸುವಿಕೆಯೇ ನಮ್ಮ ದುಡಿಮೆ. ಕೂಲಿ ಬರುವುದೂ ಅದಕ್ಕೇ. ಮಿಕ್ಕ ಜೋಡಣೆಯೆಲ್ಲ ಅದಕ್ಕೆ ಹೊತ್ತು ಉಳಿಸಿಕೊಡುವಷ್ಟು ಇದ್ದರೆ ಸಾಕು.

ಸದ್ಯ ನನ್ನ ಮುಂದಿರುವ ಹಾಳೆಯ ತಲೆಯಲ್ಲಿ ಬರೆದುಕೊಂಡಿರುವ ಪ್ರಶ್ನೆ: ಈ ಸೀಮೆಯಲ್ಲಿ ಕಲಿಯುವವರನ್ನು ಯಾರು ಸಾಕುತ್ತಿದ್ದರು? ಕೋಡಿಯಮಠ ಪಟ್ಟಿಯಲ್ಲಿದೆ. ತಾಳಗುಂದ ಇದೆ, ಕದಂಬರ ಮೂಲಪುರುಷ ಮಯೂರಶರ್ಮ ಗುರು ವೀರಶರ್ಮನೊಡನೆ ಕಂಚಿಯ ಘಟಿಕೆ ಎಂಬ ವಿದ್ಯಾಕೇಂದ್ರಕ್ಕೆ ಓದಲು ಹೋದದ್ದನ್ನು ಕವಿ ಕುಬ್ಜ ಅಲ್ಲಿನ ಕಂಬದ ಮೇಲೆ ಬರೆದಿಟ್ಟಿದ್ದಾನೆ. ಕುಪ್ಪಗಡ್ಡೆಯ ಕಡೆಯ ಕಲ್ಲುಗಳನ್ನೂ ಕುಪ್ಪಟೂರಿನ ಶಾಸನಗಳನ್ನೂ ಇನ್ನು ನೋಡಬೇಕು. ಅವು ಸೊರಬ ತಾಲ್ಲೂಕಿನವು, ಎಂಟನೆಯ ಸಂಪುಟ.