ಕಾಗುಣಿತ ತಿದ್ದಿ ಹೋದವರು

2005ರ ಮೇ 26ರಂದು ಇಂಗ್ಲಿಷ್ ವಿಕಿಪೀಡಿಯದಲ್ಲಿ ಐದೇ ವಾಕ್ಯಗಳ ಒಂದು ಹೊಸ ಪುಟ ಹುಟ್ಟಿತು. ಅದು ಅಮೆರಿಕದ ನ್ಯಾಶ್‌ವಿಲ್ ಊರಿನ ಹಿರಿಯ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರ ಪರಿಚಯ. 1960ರ ದಶಕದ ಆರಂಭದಲ್ಲಿ ಅವರು ರಾಬರ್ಟ್ ಕೆನಡಿಯವರ ಸಹಾಯಕರಾಗಿದ್ದರು ಎಂದಿತ್ತು. ಇದು ನಿಜ. ಅದರ ಬೆನ್ನಿಗೇ, ಕೆನಡಿ ಸೋದರರಿಬ್ಬರ ಹತ್ಯೆಯಲ್ಲೂ ಇವರ ನೇರ ಕೈವಾಡವಿದೆಯೆಂಬ ಶಂಕೆ ಕೆಲಕಾಲ ಇತ್ತು, ಆದರೆ ಏನೂ ಸಾಬೀತಾಗಲಿಲ್ಲ ಎಂದೂ ಬರೆದಿತ್ತು. 1971ರಿಂದ 1984ರವರೆಗೆ ಸೋವಿಯತ್ ಒಕ್ಕೂಟದಲ್ಲಿ ನೆಲೆಸಿದ್ದರಂತೆ. ಇವೆರಡೂ ಹಸಿ ಸುಳ್ಳು.

ಮೂರು ದಿನ ಕಳೆದ ಮೇಲೆ ಒಬ್ಬ ಸ್ವಯಂಸೇವಕ ಸಂಪಾದಕರ ಕಣ್ಣು ಆ ಪುಟದ ಮೇಲೆ ಬಿತ್ತು. ‘ಅರ್ಲಿ’ ಎಂಬ ಪದದ ಸ್ಪೆಲ್ಲಿಂಗ್ ತಪ್ಪಾಗಿತ್ತು. ತಿದ್ದಿದರು, ಹೋದರು.

ಮುಂದೆ ಸುಮಾರು ನಾಲ್ಕು ತಿಂಗಳು ಆ ಪುಟವನ್ನು ಕೇಳಿದವರಿಲ್ಲ. ಸೆಪ್ಟೆಂಬರಿನಲ್ಲಿ ಸ್ನೇಹಿತರೊಬ್ಬರು ನೋಡಿ ಹೇಳಿದ ಮೇಲೆಯೇ ಸೀಗೆಂಥಾಲರ್ ಅವರಿಗೆ ತಾವು ಕೊಲೆಯ ಶಂಕಿತರೆಂಬುದು ತಿಳಿದದ್ದು. ಆಗ ಅವರಿಗೆ 78 ವರ್ಷ. 1961ರಲ್ಲಿ ಅಲಬಾಮಾದ ಮಾಂಟ್‌ಗಮರಿಯಲ್ಲಿ, ವರ್ಣಭೇದದ ವಿರುದ್ಧ ಬಸ್ಸಿನಲ್ಲಿ ಹೊರಟಿದ್ದ ಫ್ರೀಡಂ ರೈಡರ್‌ಗಳನ್ನು ಕಾಪಾಡಹೋಗಿ ಗುಂಪಿನಿಂದ ತಲೆಗೆ ಏಟು ತಿಂದು ಪ್ರಜ್ಞೆತಪ್ಪಿ ಬಿದ್ದಿದ್ದವರು ಇವರು. 1968ರಲ್ಲಿ ರಾಬರ್ಟ್ ಕೆನಡಿಯವರ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಒಬ್ಬರು. ವಾಕ್ ಸ್ವಾತಂತ್ರ್ಯಕ್ಕೆಂದೇ 1991ರಲ್ಲಿ ಒಂದು ಕೇಂದ್ರವನ್ನೂ ಕಟ್ಟಿದ್ದರು.

ಬಯಲಲ್ಲಿ ಬಿಚ್ಚಿಟ್ಟ ಇಂಥ ತಾಣಗಳ ಕಾವಲು ಕಾಯುವವರಿಗೆ ಸ್ಪ್ಯಾಮ್ ದೊಡ್ಡ ಕಾಟ, ನಿಜ. ಆದರೆ ಅದು ಮುಖ ನೋಡಿದರೇ ಗುರುತು ಸಿಗುವ ಕಾಟ. ಮಾತ್ರೆ ಮಾರುವವನು, ಸಾಲ ಕೊಡುತ್ತೇನೆನ್ನುವವನು, ತನ್ನ ಹೋಟೆಲಿನ ಲಿಂಕ್ ಅಂಟಿಸುವವನು ಎಲ್ಲರೂ ಬಂದ ಕೆಲಸ ಹೇಳಿಕೊಂಡೇ ಬರುತ್ತಾರೆ. ಅವರಿಗೆ ಕರಿಪಟ್ಟಿಯಿದೆ, ಬಾಟ್‌ಗಳಿವೆ. 2007ರಿಂದ ಇಂಗ್ಲಿಷ್ ವಿಕಿಪೀಡಿಯ ತನ್ನ ಹೊರಕೊಂಡಿಗಳನ್ನು ಹುಡುಕುಯಂತ್ರಗಳು ಲೆಕ್ಕಕ್ಕೆ ಹಿಡಿಯದಂತೆ ಗುರುತು ಹಾಕಿ, ಲಿಂಕ್ ಅಂಟಿಸುವವರ ಲಾಭದ ಬೇರನ್ನೇ ಕತ್ತರಿಸಿತು. ಬೈಗುಳ ಬರೆದರೆ ಯಂತ್ರವೇ ಕ್ಷಣದಲ್ಲಿ ಅಳಿಸುತ್ತದೆ. ನ್ಯಾಶ್‌ವಿಲ್ಲಿನ ಸುಳ್ಳು ಬೇರೆ ಜಾತಿಯದು. ಅದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿತ್ತು. ಅದರಲ್ಲಿ ಅತ್ಯಂತ ನಯವಂಚಕ ಭಾಗ ‘ಏನೂ ಸಾಬೀತಾಗಲಿಲ್ಲ’ ಎಂಬ ಮಾತು. ಆರೋಪ ಹೊರಿಸುತ್ತಲೇ ತಾನು ನಿಷ್ಪಕ್ಷಪಾತಿಯೆಂದು ತೋರಿಸಿಕೊಂಡ ಮಾತು ಅದು. ವಿಶ್ವಕೋಶದ ಧಾಟಿ ಹೇಗಿರಬೇಕೋ ಹಾಗೇ ಇದ್ದ ಆ ಪುಟದಲ್ಲಿ, ಧಾಟಿಯನ್ನೇ ಕಾಯುತ್ತಿದ್ದವರ ಕಣ್ಣಿಗೆ ಕುಂದಾಗಿ ಕಂಡದ್ದು ಒಂದು ಅಕ್ಷರ ಮಾತ್ರ.

ಆಮೇಲಿನದು ಇನ್ನೂ ವಿಚಿತ್ರ. ಸೆಪ್ಟೆಂಬರ್ 23ರಂದು ಗೆಳೆಯರೊಬ್ಬರು ಆ ಸುಳ್ಳನ್ನು ತೆಗೆದು, ಸೀಗೆಂಥಾಲರ್ ಅವರ ಅಧಿಕೃತ ಪರಿಚಯವನ್ನು ಅವರ ಸಂಸ್ಥೆಯ ತಾಣದಿಂದ ತಂದು ಹಾಕಿದರು. ಮರುದಿನವೇ ಅದು ಮಾಯ. ಕಾರಣ, ಕೃತಿಸ್ವಾಮ್ಯದ ಉಲ್ಲಂಘನೆ. ನಿಯಮದ ಪ್ರಕಾರ ಅಳಿಸಿದ್ದು ಸರಿಯೇ. ಬದಲಿಗೆ ಹೊಸದಾಗಿ ಬರೆದ ಚಿಕ್ಕ ಪರಿಚಯವೊಂದನ್ನು ಹಾಕಿದರು. ಆದರೂ ಲೆಕ್ಕ ನೋಡಿ. ನಕಲು ಮಾಡಿದ ಸತ್ಯ ಸಿಕ್ಕಿಬೀಳಲು ಒಂದು ದಿನ ಸಾಕಾಯಿತು, ಸ್ವಂತವಾಗಿ ಹೆಣೆದ ಅಪವಾದಕ್ಕೆ ನಾಲ್ಕು ತಿಂಗಳು ಬೇಕಾಯಿತು. ಹಳೆಯ ಆವೃತ್ತಿಗಳು ಪುಟದ ಇತಿಹಾಸದಿಂದ ಅಳಿದದ್ದು ಅಕ್ಟೋಬರ್ 5ರಂದು. ವಿಕಿಪೀಡಿಯದಿಂದ ನಕಲೆತ್ತಿಕೊಂಡಿದ್ದ ಬೇರೆ ಎರಡು ತಾಣಗಳಲ್ಲಿ ಅದು ಆಮೇಲೂ ಕೆಲವು ವಾರ ಉಳಿದಿತ್ತು.

ವಿಕಿಪೀಡಿಯದ ಪರ ನಿಲ್ಲುವವರ ವಾದ ಗೊತ್ತೇ ಇದೆ: ತಪ್ಪುಗಳು ಬರುತ್ತವೆ, ಸಾವಿರ ಕಣ್ಣುಗಳು ನೋಡುತ್ತಿರುತ್ತವೆ, ಕೊನೆಗೆ ಎಲ್ಲ ಸರಿಹೋಗುತ್ತದೆ. ನಾನೂ ಇದನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಹೊಯ್ಸಳರ ಯಾವುದೋ ಅರಸನ ಪಟ್ಟಾಭಿಷೇಕದ ವರ್ಷ ಆರು ತಿಂಗಳು ತಪ್ಪಾಗಿಯೇ ಇದ್ದರೆ ಅರಸನಿಗೇನೂ ಆಗುವುದಿಲ್ಲ. ಬದುಕಿರುವವರ ವಿಷಯ ಹಾಗಲ್ಲ. ಆ ‘ಕೊನೆಗೆ’ ಬರುವ ತನಕದ ಬಾಡಿಗೆಯನ್ನು ತಾಣ ಕಟ್ಟುವುದಿಲ್ಲ, ಸಂಪಾದಕರು ಕಟ್ಟುವುದಿಲ್ಲ, ಬರೆದವನಂತೂ ಕಟ್ಟುವುದೇ ಇಲ್ಲ. ಕಟ್ಟುವವನು ಪುಟದ ಮೇಲೆ ಹೆಸರಿರುವ ಮನುಷ್ಯ, ಅದೂ ಬಹಳ ಸಲ ತನಗೇ ಗೊತ್ತಿಲ್ಲದೆ. ಬೇರೆಯವರು ಬರೆದದ್ದಕ್ಕೆ ತಾಣವನ್ನು ಹೊಣೆ ಮಾಡುವಂತಿಲ್ಲ ಎನ್ನುವ ಅಮೆರಿಕದ 1996ರ ಕಾನೂನಿನಿಂದಾಗಿ ಆತನಿಗೆ ಕೋರ್ಟಿನ ಬಾಗಿಲೂ ಅರ್ಧ ಮುಚ್ಚಿದಂತೆಯೇ.

ನವೆಂಬರ್ 29ರಂದು ಸೀಗೆಂಥಾಲರ್ ‘ಯುಎಸ್‌ಎ ಟುಡೇ’ಯಲ್ಲಿ ಇದನ್ನೆಲ್ಲ ಬರೆದರು. ದೊಡ್ಡ ಗದ್ದಲವಾಯಿತು. ವಾರದೊಳಗೆ ಇಂಗ್ಲಿಷ್ ವಿಕಿಪೀಡಿಯ ಹೊಸ ನಿಯಮ ತಂದಿತು: ಖಾತೆ ಇಲ್ಲದವರು ಹೊಸ ಪುಟ ತೆರೆಯುವಂತಿಲ್ಲ. ಕೇಳಲು ಕಟ್ಟುನಿಟ್ಟಾಗಿದೆ. ಆದರೆ ಆ ಕಿಡಿಗೇಡಿ ಪತ್ತೆಯಾದದ್ದೇ ಖಾತೆ ಇಲ್ಲದೆ ಬರೆದಿದ್ದರಿಂದ. ಖಾತೆಯಿಲ್ಲದವರು ಬರೆದರೆ ಅವರ ಐಪಿ ವಿಳಾಸ ಎಲ್ಲರಿಗೂ ಕಾಣುವಂತೆ ಇತಿಹಾಸದಲ್ಲಿ ದಾಖಲಾಗುತ್ತಿತ್ತು. ವಿಕಿಪೀಡಿಯದ ಕಟ್ಟಾ ಟೀಕಾಕಾರರೊಬ್ಬರು ಆ ಅಂಕಿಯ ಜಾಡು ಹಿಡಿದು ನ್ಯಾಶ್‌ವಿಲ್ಲಿನದೇ ಒಂದು ಕೊರಿಯರ್ ಕಂಪನಿಯ ಬಾಗಿಲಿಗೆ ಮುಟ್ಟಿದರು. ಆತ ಅರ್ಧ ನಿಮಿಷ ವ್ಯಯಿಸಿ ಸುಳ್ಳು ಹೆಸರಿನ ಖಾತೆ ತೆರೆದಿದ್ದರೆ ಆ ಅಂಕಿ ಹೊರಗಿನವರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಬೀಗ ಹಾಕಿದ್ದು ಹೆಜ್ಜೆಗುರುತು ಉಳಿಯುವ ಬಾಗಿಲಿಗೆ.

ಉಪಯೋಗಕ್ಕೆ ಬಂದದ್ದು ಅದೇ ಡಿಸೆಂಬರಿನಲ್ಲಿ ರೂಪುಗೊಳ್ಳತೊಡಗಿದ ಇನ್ನೊಂದು ನಿಯಮ. ಬದುಕಿರುವ ವ್ಯಕ್ತಿಯ ಬಗ್ಗೆ ಆಧಾರ ಕೊಡದ ವಿವಾದಾಸ್ಪದ ಮಾತು ಕಂಡರೆ ಮೊದಲು ತೆಗೆ, ಚರ್ಚೆ ಆಮೇಲೆ. ‘ಆಧಾರ ಬೇಕಿದೆ’ ಎಂಬ ಚೀಟಿ ಅಂಟಿಸಿ ಕಾಯುವುದು ಅಲ್ಲಿ ಸಲ್ಲದು. ಕಾಯುವ ಕಷ್ಟವನ್ನು ಆರೋಪಿತನ ತಲೆಯಿಂದಿಳಿಸಿ ಬರೆದವನ ತಲೆಗೆ ಹೊರಿಸಿದ ನಿಯಮ ಇದು.

ಬರೆದವನು ಅಂಥ ಖಳನೇನೂ ಅಲ್ಲ. ಸೀಗೆಂಥಾಲರ್ ಮನೆತನವನ್ನು ಬಲ್ಲ ಸಹೋದ್ಯೋಗಿಯೊಬ್ಬನನ್ನು ಬೆಚ್ಚಿಬೀಳಿಸಲು ಮಾಡಿದ ತಮಾಷೆ, ಆ ತಾಣವೇ ತಮಾಷೆಯದೆಂದುಕೊಂಡಿದ್ದೆ ಎಂದ. ಕ್ಷಮಾಪತ್ರ ಹಿಡಿದು ಸ್ವತಃ ಬಂದ, ಕೆಲಸಕ್ಕೆ ರಾಜೀನಾಮೆ ಕೊಟ್ಟ. ಸೀಗೆಂಥಾಲರ್ ದಾವೆ ಹೂಡಲಿಲ್ಲ. ಬದಲಿಗೆ ಅವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಮಾಲೀಕರನ್ನು ಕೇಳಿಕೊಂಡರು. ಅದು ಅವರ ದೊಡ್ಡತನ. ವ್ಯವಸ್ಥೆಯೊಂದು ಅಂಥ ದೊಡ್ಡತನವನ್ನು ನಂಬಿ ನಡೆಯಲಾಗದು.

ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾದದ್ದು. ಸಂಪಾದಕರು ಕೂಡಿ ಮಾತಾಡುವ ಪುಟಕ್ಕೆ ಅಲ್ಲಿ ‘ಅರಳಿ ಕಟ್ಟೆ’ ಎಂಬ ಚಂದದ ಹೆಸರಿದೆ. ಆದರೆ ಕಟ್ಟೆಯ ಮೇಲೆ ಕೂರುವವರು ಬೆರಳೆಣಿಕೆಯವರು. ‘ಇತ್ತೀಚೆಗಿನ ಬದಲಾವಣೆಗಳು’ ಪಟ್ಟಿಯನ್ನು ದಿನವೂ ಬಿಡುವಿನಲ್ಲಿ ಕಣ್ಣಾಡಿಸುವ ಆ ಕೆಲವರ ಮೇಲೆ ಮಠ, ಸಿನಿಮಾ, ರಾಜಕೀಯ, ಎಲ್ಲದರ ಭಾರ. ಇಂಗ್ಲಿಷಿನ ಸಾವಿರ ಕಣ್ಣುಗಳಿಗೇ ಕಾಣದ್ದು ಇಲ್ಲಿ ಕಂಡೀತೆಂದು ನಂಬುವುದು ಕಷ್ಟ. ಹಾಗಾಗಿ, ಲೇಖನಗಳ ಸಂಖ್ಯೆ ಏರಲೆಂದು ಬದುಕಿರುವವರ ಬಗ್ಗೆ ಎರಡು ಸಾಲಿನ ಪುಟ ತೆರೆದಿಟ್ಟು ಮುಂದಿನದಕ್ಕೆ ಹೋಗುವ ಉತ್ಸಾಹ ನನಗೆ ಹಿಡಿಸುವುದಿಲ್ಲ. ಪುಟ ತೆರೆದವರು ಅದನ್ನು ತಮ್ಮ ವೀಕ್ಷಣಾಪಟ್ಟಿಗೆ ಸೇರಿಸಿಕೊಂಡು ವರ್ಷಗಟ್ಟಲೆ ನೋಡಿಕೊಳ್ಳುವುದಾದರೆ ತೆರೆಯಲಿ. ಇಲ್ಲವಾದರೆ ಆ ವ್ಯಕ್ತಿಯ ಬಗ್ಗೆ ಕನ್ನಡದಲ್ಲಿ ಪುಟವೇ ಇಲ್ಲ ಎಂಬ ಕೊರತೆಯನ್ನು ಇನ್ನಷ್ಟು ಕಾಲ ಸಹಿಸಿಕೊಳ್ಳಬಹುದು.